ಐಪಿಎಗೆ ಮಾತ್ರ ಮಾಫಿ ಬೇಡ

ಬೆಂಗಳೂರು ದೇಶದ ಪಬ್ ರಾಜಧಾನಿ ಎಂದು ಎದೆಯುಬ್ಬಿಸಿ ಹೇಳುವವರನ್ನು ಕಂಡಾಗಲೆಲ್ಲ ಒಂದು ಮಾತು ಕೇಳಬೇಕೆನಿಸುತ್ತದೆ. ಇಲ್ಲಿ ಬಿಯರ್ ಕುಡಿಯುವುದೇನೋ ಸಲೀಸು. ಅದನ್ನು ಮಾಡುವುದನ್ನು ಕಲಿಯುವುದು ಎಲ್ಲಿ? ಮನೆಯಲ್ಲಂತೂ ಅಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮಾರಾಟಕ್ಕೆ ಮಾಡಿದ್ದೋ, ಶನಿವಾರ ಸಂಜೆ ನಾಲ್ಕು ಜನ ಗೆಳೆಯರಿಗೆಂದು ಮಾಡಿದ್ದೋ ಎಂಬ ಭೇದ ಅದಕ್ಕಿಲ್ಲ. ಬನಶಂಕರಿಯ ಅಡುಗೆಮನೆಯಲ್ಲಿ ದೋಸೆಹಿಟ್ಟು ಉಕ್ಕಿ ಪಾತ್ರೆಯಿಂದಾಚೆ ಹರಿದರೆ ನಗುತ್ತೇವೆ. ಅಲ್ಲೇ ಬಾರ್ಲಿಯ ರಸ ಉಕ್ಕಿದರೆ ಅದು ಕೇಸು.

ನಾನು ಈ ವಿಷಯಕ್ಕೆ ತಲೆ ಕೊಡುವಂತೆ ಮಾಡಿದ್ದು ಜೆ.ಪಿ. ನಗರದ ಗೆಳೆಯನೊಬ್ಬನ ನೋಟ್‌ಬುಕ್ಕು. ಅವನ ಹೆಸರು ಹೇಳುವ ಹಾಗಿಲ್ಲ, ಮತ್ತು ನನ್ನ ತಕರಾರು ಇರುವುದೇ ಅಲ್ಲಿ. ಮೂರು ವರ್ಷಗಳಿಂದ ಅವನು ಒಂದೇ ಬಿಯರನ್ನು ಮತ್ತೆ ಮತ್ತೆ ಮಾಡುತ್ತಿದ್ದಾನೆ: ಹಾಪ್ಸ್ ಹೂವನ್ನು ಧಾರಾಳವಾಗಿ ಸುರಿದ ಇಂಡಿಯಾ ಪೇಲ್ ಏಲ್, ಎಲ್ಲರ ಬಾಯಲ್ಲಿ ಐಪಿಎ. ಒಂದು ಸಲಕ್ಕೆ 20 ಲೀಟರ್. ಮೊದಲ ಸಲ 60 ಗ್ರಾಂ ಹಾಪ್ಸನ್ನು ಒಂದು ಗಂಟೆ ಕುದಿಸಿದ್ದ. ಬಂದದ್ದು ಬೇವಿನ ಕಷಾಯ. ಕುದಿಸಿದಷ್ಟೂ ಹೂವಿನ ಕಹಿ ರಸಕ್ಕಿಳಿಯುತ್ತದೆ, ಪರಿಮಳದ ಎಣ್ಣೆ ಆವಿಯ ಜೊತೆ ಹೋಗಿಬಿಡುತ್ತದೆ. ಈಗ ಕುದಿಯುವಾಗ ಹಾಕುವುದು ಒಂದು ಚಿಟಿಕೆ. ಉಳಿದದ್ದು ಒಲೆ ಆರಿಸಿ, ರಸ 80 ಡಿಗ್ರಿಗೆ ಇಳಿದ ಮೇಲೆ. ಕೊನೆಯ ಕಂತು ಹುದುಗುವ ಡ್ರಮ್ಮಿಗೇ, ಮೂರು ದಿನದ ಮಟ್ಟಿಗೆ.

ಆಮೇಲೆ ನೀರಿನ ಪುಟಗಳು. ಬಿಟಿಎಂನಲ್ಲಿ ಬಾಡಿಗೆಗಿದ್ದಾಗ ಬೋರ್‌ವೆಲ್ಲಿನ ಗಡಸು ನೀರಿನಿಂದ ಕಹಿ ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಕಾವೇರಿ ನೀರಿಗೆ ಬಂದರೆ ಅದರಲ್ಲಿನ ಕ್ಲೋರಿನ್ನಿನಿಂದ ಬಿಯರಿಗೆ ಆಸ್ಪತ್ರೆಯ ವಾಸನೆ. ಅದಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟಿನ ಒಂದಿಷ್ಟೇ ಪುಡಿ ಸಾಕಾಯಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಸಹಜವಾಗಿ ಇರುವ ಜಿಪ್ಸಮ್ಮನ್ನು ಇವನು ಚಮಚದಲ್ಲಿ ಅಳೆದು ಹಾಕುತ್ತಾನೆ. ಯೀಸ್ಟಿಗೆ ಬೇಕಾದದ್ದು 19 ಡಿಗ್ರಿ, ಏಪ್ರಿಲ್ಲಿನ ಅಡುಗೆಮನೆಯಲ್ಲಿ ಇರುವುದು 30. ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಬಂತು. ಬಾಟಲಿಗೆ ತುಂಬುವಾಗ ಗಾಳಿ ಸೇರಿದರೆ ಕಿತ್ತಳೆ ಸಿಪ್ಪೆಯಂಥ ಪರಿಮಳ ಮೂರು ವಾರದಲ್ಲಿ ಒದ್ದೆ ರಟ್ಟಿನ ವಾಸನೆಯಾಗುತ್ತದೆ. ಹದಿನಾಲ್ಕನೇ ಸಲವೂ ಅವನು ಇದರ ಜೊತೆಯೇ ಗುದ್ದಾಡುತ್ತಿದ್ದ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ, ಏನಾಯಿತೆಂದು ಬರೆದಿಟ್ಟಿದ್ದಾನೆ. ಪಿಎಚ್‌ಡಿ ಮಾಡುತ್ತಿರುವ ನಾನು ಇಷ್ಟು ಪ್ರಾಮಾಣಿಕವಾದ ದಾಖಲೆಯನ್ನು ನಮ್ಮ ವಿಭಾಗದಲ್ಲಿ ಹೆಚ್ಚು ನೋಡಿಲ್ಲ.

ಈ ತಿಳಿವಳಿಕೆಯನ್ನು ಅವನು ಯಾರಿಗೂ ಕಲಿಸುವಂತಿಲ್ಲ. ಹೆಸರು ಹಾಕಿ ಬರೆಯುವಂತಿಲ್ಲ, ಹತ್ತು ಜನರ ಎದುರು ಇಟ್ಟು ಬೈಸಿಕೊಳ್ಳುವಂತಿಲ್ಲ. ಬ್ರಿಟನ್ 1963ರಲ್ಲೇ ಮನೆಯ ಬಿಯರಿಗೆ ಲೈಸೆನ್ಸ್ ಬೇಡವೆಂದಿತು. ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನು ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್ ಬಿಟ್ಟುಕೊಟ್ಟಿತು. ಹಾಪ್ಸ್ ತುಂಬಿದ ಅಮೆರಿಕನ್ ಬಿಯರನ್ನು ಜನಪ್ರಿಯಗೊಳಿಸಿದ ಸಿಯೆರಾ ನೆವಾಡಾದ ಕೆನ್ ಗ್ರಾಸ್‌ಮನ್ ಮೊದಲು ಮನೆಯಲ್ಲೇ ಬಿಯರ್ ಮಾಡುತ್ತ, ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಇಟ್ಟಿದ್ದವನು. ಅಂಥ ಅಡುಗೆಮನೆಗಳಿಂದ ಬೆಳೆದ ರುಚಿಯನ್ನು ನಾವು 2012ರಲ್ಲಿ ಮಿಶಿಗನ್ ಮೂಲದ ಆರ್ಬರ್ ಬ್ರೂಯಿಂಗ್ ಕಂಪನಿಯ ಮೂಲಕ ಬರಮಾಡಿಕೊಂಡೆವು. ಪಬ್ಬಿನೊಳಗೇ ತಯಾರಿಸಲು ಲೈಸೆನ್ಸ್ ಕೊಟ್ಟೆವು. ಬಂಡವಾಳ ಇಲ್ಲದವನು ಗಿರಾಕಿಯಾಗಿರಲಿ ಎಂದು ಅಲ್ಲಿಗೇ ನಿಲ್ಲಿಸಿದೆವು. (ಹೆಸರಿನಲ್ಲಿ ಇಂಡಿಯಾ ಇದೆಯೆಂದು ಹಿಗ್ಗುವವರಿಗೆ ಒಂದು ಮಾತು: ಲಂಡನ್ನಿನ ಹಾಡ್ಜ್‌ಸನ್ನನ ಬ್ರೂವರಿಯಿಂದ ಹಡಗಿನಲ್ಲಿ ಬರುತ್ತಿದ್ದ ಆ ಬಿಯರ್ ಇಲ್ಲಿನ ಬಿಳಿಯ ಅಧಿಕಾರಿಗಳ ಮೇಜಿಗೆ. ನಮ್ಮವರು ಪೆಟ್ಟಿಗೆ ಇಳಿಸಿರಬಹುದು.)

ಇದಕ್ಕೆ ಬರುವ ಉತ್ತರ ಗೊತ್ತಿದೆ. ಬಿಟ್ಟರೆ ಮನೆಮನೆಯಲ್ಲೂ ಕಳ್ಳಭಟ್ಟಿ ಶುರುವಾಗುತ್ತದೆ, ಜನ ಸಾಯುತ್ತಾರೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ನಿಜ. ಅವರನ್ನು ಕೊಂದದ್ದು ಕಳ್ಳ ವ್ಯಾಪಾರದ ವಿಷಮದ್ಯ. ಬಾರ್ಲಿ ಹುದುಗಿದರೆ ಅಂಥ ಪ್ರಮಾಣದ ಮೆಥನಾಲ್ ಹುಟ್ಟುವುದಿಲ್ಲ. ಭಟ್ಟಿ ಇಳಿಸುವುದು ಬೇರೆ, ಹುದುಗಿಸುವುದು ಬೇರೆ. ಇವೆರಡನ್ನು ಬೇರ್ಪಡಿಸಿ ನೋಡಲಾರದ ಕಾನೂನು ಯಾರನ್ನೂ ಕಾಪಾಡುವುದಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದಕ್ಕಾಗಿ ಬೀದಿಗಿಳಿದ ಹೆಂಗಸರ ಸಿಟ್ಟು ನ್ಯಾಯವಾದದ್ದೇ, ನಾನು ಅದರ ವಿರುದ್ಧ ಒಂದಕ್ಷರ ಆಡುವುದಿಲ್ಲ. ಆದರೆ ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಇತ್ತ ಸರ್ಕಾರದ ಅಬಕಾರಿ ಆದಾಯ ಈಚಿನ ವರ್ಷಗಳಲ್ಲಿ 30,000 ಕೋಟಿ ದಾಟಿದೆ. ಕುಡಿತದ ಬಗ್ಗೆ ಇಷ್ಟೊಂದು ಕಾಳಜಿ ಇರುವವರ ಲೆಕ್ಕಪುಸ್ತಕ ಇದು.

ಈಗ ನಮ್ಮವರ ಸರದಿ. ದಕ್ಷಿಣ ಬೆಂಗಳೂರಿನ ಮನೆಯ ಬಿಯರಿನ ಹವ್ಯಾಸಿಗಳು ಹೂಡುವ ವಾದ ಕೇಳಿ ನನಗೆ ನಾಚಿಕೆಯಾಗುತ್ತದೆ. ನಾವು ಓದಿದವರು, ಥರ್ಮಾಮೀಟರ್ ಇಟ್ಟುಕೊಂಡವರು, ಇದು ಕಲೆ. ಹಳ್ಳಿಯವರ ಹೆಂಡದ ಜೊತೆ ನಮ್ಮನ್ನು ಸೇರಿಸಬೇಡಿ ಎನ್ನುತ್ತಾರೆ. ನಾಲ್ಕನೇ ಮಹಡಿಯ ಫ್ಲಾಟಿನ ಬಾಗಿಲನ್ನು ಅಬಕಾರಿಯವರು ತಟ್ಟಿದ್ದನ್ನು ನಾನಂತೂ ಕೇಳಿಲ್ಲ. ತಟ್ಟುವ ಬಾಗಿಲುಗಳು ತಾಂಡಾಗಳಲ್ಲಿವೆ, ಹಾಡಿಗಳಲ್ಲಿವೆ. 2004ರಲ್ಲಿ ಕರಾವಳಿ ಬಿಟ್ಟು ಉಳಿದ ಕಡೆ ಹೆಂಡ ನಿಷೇಧವಾದಾಗ ಈಚಲು ಮರ ಹತ್ತುವ ಕುಟುಂಬಗಳ ಕಸುಬು ಒಂದೇ ಏಟಿಗೆ ಹೋಯಿತು. ಯಾವ ಮರ ಎಂದು ಎಷ್ಟು ಇಳಿಯುತ್ತದೆ, ಮಡಕೆ ಹೇಗೆ ತೊಳೆಯಬೇಕು, ಬಿಸಿಲೇರುವ ಮೊದಲಿನ ಹೆಂಡಕ್ಕೂ ಸಂಜೆಯ ಹೆಂಡಕ್ಕೂ ಏನು ವ್ಯತ್ಯಾಸ, ಇದೆಲ್ಲ ನೋಟ್‌ಬುಕ್ಕಿಲ್ಲದೆ ಉಳಿದುಬಂದ ತಿಳಿವಳಿಕೆ. ಮರ ಹತ್ತುವ ಮಗ ಇಲ್ಲವಾದರೆ ಅದೂ ಇಲ್ಲ. ನನ್ನ ಗೆಳೆಯನ ಹದಿನಾಲ್ಕು ಪ್ರಯೋಗಗಳಿಗೆ ಬೆಲೆ ಕಟ್ಟುವವರಿಗೆ ಇದು ಕಾಣಲೇಬೇಕು.

ಕಾಯ್ದೆಗೆ ಬೇಕಾದದ್ದು ದೊಡ್ಡ ತಿದ್ದುಪಡಿಯೇನಲ್ಲ. ಮಾರಾಟ ಬೇಡ, ಭಟ್ಟಿ ಬೇಡ. ಮನೆಬಳಕೆಗೆ ಹುದುಗಿಸಿದ್ದಕ್ಕೆ ವರ್ಷಕ್ಕೆ ಇಷ್ಟು ಲೀಟರ್ ಎಂಬ ಮಿತಿ ಇರಲಿ. ಅದು ಬಾರ್ಲಿಯದ್ದೋ, ಅಕ್ಕಿಯದ್ದೋ, ರಾಗಿಯದ್ದೋ, ಈಚಲು ಮರದ್ದೋ ಎಂದು ಕೇಳದಿರಲಿ. ಛತ್ತೀಸಗಢದಂಥ ರಾಜ್ಯಗಳಲ್ಲಿ ಆದಿವಾಸಿಗಳಿಗೆ ಮನೆಬಳಕೆಯ ವಿನಾಯಿತಿ ಇರುವುದರಿಂದ ಇದು ಕಂಡು ಕೇಳದ ಬೇಡಿಕೆಯೂ ಅಲ್ಲ. ಹೆಂಡದ ಮಾತು ಬಿಟ್ಟು ಐಪಿಎಗೆ ಮಾತ್ರ ಮಾಫಿ ಕೇಳುವ ಮನವಿಯನ್ನು ಯಾರಾದರೂ ತಂದರೆ ನಾನು ಸಹಿ ಹಾಕುವುದಿಲ್ಲ. ಗೆಳೆಯನಿಗೂ ಇದನ್ನೇ ಹೇಳಿದ್ದೇನೆ. ಅವನು ಇನ್ನೂ ಯೋಚಿಸುತ್ತಿದ್ದಾನೆ.