ಸ್ಪ್ಯಾನಿಷ್ ಕಲಿಯಲು ಕನ್ನಡವೇ ಏಣಿ



ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂ ಕಡೆಗೆ ಹೊರಟರೆ ದಾರಿಯಲ್ಲಿ ಪೆರಿಯನಾಯಕನಪಾಳ್ಯಂ ಸಿಗುತ್ತದೆ. 1962ರಲ್ಲಿ ಶುರುವಾದ ಲಕ್ಷ್ಮಿ ಮೆಷಿನ್ ವರ್ಕ್ಸ್‌ನಿಂದಾಗಿ ನೂಲುವ ಯಂತ್ರಗಳಿಗೆ ಹೆಸರಾದ ಊರಿದು. ಅತ್ತ ತಿರುಪ್ಪೂರಿನ ಬನಿಯನ್ ಬಟ್ಟೆ ಹಡಗು ಹತ್ತಿ ದೂರದೇಶಗಳಿಗೆ ಹೋಗುತ್ತದೆ. ಸರಕು ಹೋದ ದಾರಿಯಲ್ಲಿ ಮನುಷ್ಯರೂ ಹೋಗುತ್ತಾರೆ. ಯಂತ್ರ ಜೋಡಿಸಲು, ಓದಲು, ರೋಗಿಗಳ ಆರೈಕೆ ಮಾಡಲು ನಮ್ಮ ಮಕ್ಕಳು ಹೊರಡುತ್ತಾರೆ. ಹೋಗುವ ದೇಶ ಸ್ಪೇನ್, ಮೆಕ್ಸಿಕೋ ಅಥವಾ ಪೆರು ಎಂದಾದರೆ ಮನೆಯಲ್ಲಿ ಒಂದೇ ಚಿಂತೆ: "ಫಾದರ್, ಇವನಿಗೆ ಇಂಗ್ಲಿಷೇ ನೆಟ್ಟಗೆ ಬರಲ್ಲ, ಇನ್ನು ಸ್ಪ್ಯಾನಿಷ್ ಎಲ್ಲಿಂದ ಬಂದೀತು?"

ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ಕನ್ನಡ ಬಂದರೆ ಅರ್ಧ ದಾರಿ ಸಾಗಿದಂತೆಯೇ ಎಂಬುದು ನಮ್ಮ ಉತ್ತರ. ಸುಮಾರು ಇಪ್ಪತ್ತು ದೇಶಗಳಲ್ಲಿ ಆಡಳಿತ ಭಾಷೆಯಾಗಿರುವ ಸ್ಪ್ಯಾನಿಷ್‌ನಲ್ಲಿ ಇರುವುದು ಐದೇ ಸ್ವರಗಳು: ಅ, ಎ, ಇ, ಒ, ಉ. ಬರೆದದ್ದನ್ನು ಹೆಚ್ಚುಕಡಿಮೆ ಬರೆದಂತೆಯೇ ಓದಬೇಕು. ಅಲ್ಲಿನ 'ತ' ಮತ್ತು 'ದ' ನಮ್ಮ ಹಲ್ಲಿನ ಅಕ್ಷರಗಳೇ. ಇಂಗ್ಲಿಷಿನವರಂತೆ 'ಟ', 'ಡ' ಎಂದು ನಾಲಿಗೆ ಮಡಚಬೇಕಾಗಿಲ್ಲ. ನಮ್ಮ ವರ್ಣಮಾಲೆಯಲ್ಲಿ ಮೂಲೆಗುಂಪಾಗಿರುವ 'ಞ' ಅಲ್ಲಿ ದಿನಬಳಕೆಯ ಅಕ್ಷರ. ಒಂದೇ ಎಚ್ಚರ 'ರ'ಕಾರದ್ದು: 'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ ನಾಯಿ!

ವ್ಯಾಕರಣದಲ್ಲೂ ನೆಂಟಸ್ತಿಕೆ ಕಾಣುತ್ತದೆ. 'ಬಂದೆ' ಎಂದರೆ ನಾನು, 'ಬಂದಳು' ಎಂದರೆ ಅವಳು ಎಂದು ಕ್ರಿಯಾಪದವೇ ಹೇಳಿಬಿಡುತ್ತದಲ್ಲವೇ? ಸ್ಪ್ಯಾನಿಷ್‌ನಲ್ಲೂ ಹಾಗೆಯೇ. 'ಆಬ್ಲೊ' ಎಂದರೆ 'ಮಾತಾಡುತ್ತೇನೆ'. 'ನಾನು' ಎಂದು ಬೇರೆ ಹೇಳಬೇಕಿಲ್ಲ. 'ನನಗೆ ಇಷ್ಟ' ಎಂಬುದನ್ನು ಅವರೂ 'ಮೆ ಗುಸ್ತಾ' ಎಂದು 'ನನಗೆ' ಎಂದೇ ಆರಂಭಿಸುತ್ತಾರೆ. 'ತೂ' ಎಂದರೆ ನೀನು, 'ಉಸ್ತೆದ್' ಎಂದರೆ ನೀವು. ಹಿರಿಯರನ್ನು, ಅಧಿಕಾರಿಗಳನ್ನು, ಅಪರಿಚಿತರನ್ನು 'ಉಸ್ತೆದ್' ಎಂದು ಮಾತಾಡಿಸಿದರೆ ಎಲ್ಲಿಯೂ ತಪ್ಪಾಗದು. ಅಜ್ಜಿಗೆ 'ನೀವು' ಎನ್ನುವ ಮಗುವಿಗೆ ಈ ಪಾಠ ಬೇರೆ ಬೇಕೇ? ಕಷ್ಟವೆನಿಸುವುದು ಲಿಂಗ ಮಾತ್ರ. ನಮ್ಮ ಮೇಜು ನಪುಂಸಕ, ಅವರ 'ಮೇಸಾ' ಸ್ತ್ರೀಲಿಂಗ. ಅದನ್ನು ಬಾಯಿಪಾಠ ಮಾಡಲೇಬೇಕು.

ಆ 'ಮೇಸಾ' ಎಲ್ಲೋ ಕೇಳಿದಂತಿದೆ ಅಲ್ಲವೇ? ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಅಕ್ಕತಂಗಿ ಭಾಷೆಗಳು. ಪೋರ್ಚುಗೀಸರಿಂದ ಮೇಜು, ಮೇಸ್ತ್ರಿ, ಪಾದ್ರಿ, ಇಗರ್ಜಿ ನಮಗೆ ಬಂದವು. ಸ್ಪೇನಿನಲ್ಲಿ ಅವೇ ಮೇಸಾ, ಮಾಯೆಸ್ತ್ರೊ, ಪಾದ್ರೆ, ಇಗ್ಲೇಸ್ಯ. ನಾಲ್ಕು ಶಬ್ದ ಕಲಿಯದೆಯೇ ಬಂದಂತಾಯಿತು.

ಆದರೆ ಶಬ್ದ ಕಲಿತ ಮಾತ್ರಕ್ಕೆ ಬಾಳುವೆ ಬಾರದು. ಆಯಾ ನಾಡಿನ ನಡೆ ತಿಳಿದಿರಬೇಕು. ಅಂಗಡಿಯೊಳಗೆ ಕಾಲಿಟ್ಟೊಡನೆ 'ಬ್ವೇನೊಸ್ ದೀಯಾಸ್' ಎಂದು ವಂದಿಸಿ, ಆಮೇಲೆ ಸಾಮಾನು ಕೇಳುವುದು ಮರ್ಯಾದೆ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯ ಊಟ ಒಂಬತ್ತರ ಮೇಲೆ. 'ತೊರ್ತಿಯ್ಯಾ' ಎಂದು ಕೇಳಿದರೆ ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ರೊಟ್ಟಿ ಬರುತ್ತದೆ, ಸ್ಪೇನಿನಲ್ಲಿ ಆಲೂಗಡ್ಡೆ ಹಾಕಿದ ಮೊಟ್ಟೆಯ ಆಮ್ಲೆಟ್. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟವರು 'ಕಾರ್ನೆ ಬೇಡ' ಎಂದಷ್ಟೇ ಹೇಳಿದರೆ ಸಾಲದು. ಹಂದಿಯ 'ಹಮೋನ್', ಕೋಳಿಯ 'ಪೊಯ್ಯೊ' ಬೇಡವೆಂದು ಬಿಡಿಸಿ ಹೇಳಬೇಕು. ಮೆಕ್ಸಿಕೋದವರು 'ಆಓರೀತಾ', ಅಂದರೆ 'ಈಗಲೇ' ಎಂದರೆ ಗಡಿಯಾರ ನೋಡಬೇಡಿ. ಹೊರಗೆ ಹೊರಟು ನಿಂತು 'ಈಗ ಬಂದೆ' ಎನ್ನುವ ನಮಗೆ ಅದು ಅರ್ಥವಾಗದೇ?

ಇನ್ನೊಂದು ತೊಡಕು ಹೆಸರಿನದು. ತಮಿಳುನಾಡಿನಲ್ಲಿ ಅಪ್ಪನ ಹೆಸರಿನ ಮೊದಲಕ್ಷರವೇ ಇನಿಶಿಯಲ್. ಸ್ಪ್ಯಾನಿಷ್ ನಾಡುಗಳ ಅರ್ಜಿಗಳಲ್ಲಿ ಎರಡು ಮನೆತನದ ಹೆಸರು ಕೇಳುತ್ತಾರೆ, ಒಂದು ತಂದೆಯ ಕಡೆಯದು, ಇನ್ನೊಂದು ತಾಯಿಯ ಕಡೆಯದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಾಗದಗಳಲ್ಲೂ ಬರೆಯಿರಿ. ಜಾಗ ಖಾಲಿಯಿದೆಯೆಂದು ಹೊಸ ಹೆಸರು ಹುಟ್ಟಿಸಬೇಡಿ. ಸ್ಪ್ಯಾನಿಷ್‌ನಲ್ಲಿರುವ ಕರಾರುಪತ್ರಕ್ಕೆ ಅರ್ಥ ತಿಳಿಯದೆ ಸಹಿ ಹಾಕಲೇಬೇಡಿ. ಓದಬಲ್ಲ ಭಾಷೆಯಲ್ಲಿ ಪ್ರತಿ ಕೇಳಿ, ಏಜೆಂಟರಿಗೆ ಸರ್ಕಾರದ ನೋಂದಣಿ ಇದೆಯೇ ಎಂದು ವಿಚಾರಿಸಿ. ತುರ್ತು ನೆರವಿಗೆ ಸ್ಪೇನಿನಲ್ಲಿ 112, ಮೆಕ್ಸಿಕೋದಲ್ಲಿ 911.

ವಿಮಾನ ಹತ್ತುವ ಮುನ್ನ ಈ ಮೂರು ವಾಕ್ಯ ನಾಲಿಗೆಯ ತುದಿಯಲ್ಲಿರಲಿ. 'ನೋ ಎಂತ್ಯೆಂದೊ' ಎಂದರೆ ನನಗೆ ಅರ್ಥವಾಗಲಿಲ್ಲ. 'ಮಾಸ್ ದೆಸ್ಪಾಸ್ಯೊ, ಪೋರ್ ಫಾಬೋರ್' ಎಂದರೆ ದಯವಿಟ್ಟು ಇನ್ನೂ ನಿಧಾನವಾಗಿ. 'ಮೆ ದ್ವೇಲೆ ಅಕಿ' ಎಂದರೆ ನನಗೆ ಇಲ್ಲಿ ನೋಯುತ್ತಿದೆ. ದೂರದ ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದ ಮಗ ಕೊನೆಯ ವಾಕ್ಯವೊಂದನ್ನು ಹೇಳಬಲ್ಲನಾದರೆ ಇಲ್ಲಿ ತಾಯಿಗೆ ನಿದ್ದೆ ಬರುತ್ತದೆ.

ದೊಡ್ಡವರೂ ಹೀಗೆಯೇ ಕಲಿತವರು. ಸ್ಪೇನಿನ ನವಾರ್ರೆಯಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ತಮಿಳು ಕಡಲತೀರಕ್ಕೆ ಬಂದಾಗ ತಮಿಳು ತಿಳಿಯದು. ಎರಡೂ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಜಪಗಳನ್ನು ತಮಿಳಿಗೆ ಮಾಡಿಸಿ, ಬಾಯಿಪಾಠ ಮಾಡಿ, ಗಂಟೆ ಬಾರಿಸುತ್ತಾ ಬೀದಿಗಿಳಿದರು. ಶಿಕಾಗೋದಲ್ಲಿ ಹುಟ್ಟಿದ ಪೋಪ್ ಹದಿನಾಲ್ಕನೇ ಲಿಯೋ 1985ರಲ್ಲಿ ಪೆರುವಿಗೆ ಧರ್ಮಸೇವೆಗೆ ಹೋದವರು. 2025ರ ಮೇ 8ರಂದು ವ್ಯಾಟಿಕನ್ನಿನ ಉಪ್ಪರಿಗೆಯಲ್ಲಿ ಮೊದಲ ಬಾರಿ ನಿಂತಾಗ, ಇಟಾಲಿಯನ್ ಮಾತಿನ ನಡುವೆ ತಮ್ಮ ಹಳೆಯ ಚಿಕ್ಲಾಯೊ ಧರ್ಮಪ್ರಾಂತ್ಯದ ಜನರಿಗೆ ಸ್ಪ್ಯಾನಿಷ್‌ನಲ್ಲಿ ವಂದನೆ ಹೇಳಿದರು. ಕಲಿತ ಭಾಷೆ ಅವರಿಗೆ ಸ್ವಂತದ್ದಾಗಿಬಿಟ್ಟಿತ್ತು.

ಕೊಯಮತ್ತೂರು ಸೀಮೆಯ ಕನ್ನಡದ ಮನೆಗಳಿಗೆ ಈ ವಿದ್ಯೆ ಹೊಸದಲ್ಲ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ನೇಯ್ಗೆಯ ದೇವಾಂಗದವರಂಥ ಕುಟುಂಬಗಳು ತಲೆಮಾರುಗಳಿಂದ ಒಲೆಯ ಮುಂದೆ ಕನ್ನಡ, ಬೀದಿಯಲ್ಲಿ ತಮಿಳು ಎಂದು ಬಾಳಿಕೊಂಡು ಬಂದಿವೆ. ಇದನ್ನು ಯಾರೂ ವಿದ್ಯೆಯೆಂದು ಎಣಿಸಲಿಲ್ಲ, ಸರ್ಟಿಫಿಕೇಟು ಕೊಡಲಿಲ್ಲ. ಸ್ಪ್ಯಾನಿಷ್ ತರಗತಿಗೆ ಸಾವಿರಾರು ರೂಪಾಯಿ ಕಟ್ಟುವ ಮಗ ಗೆಳೆಯರೆದುರು ಅವ್ವನ ಕನ್ನಡಕ್ಕೆ ನಾಚಿಕೊಂಡರೆ, ಕೈಯಲ್ಲಿರುವ ಏಣಿಯನ್ನು ಒದ್ದು ಅಟ್ಟ ಹತ್ತಲು ಹೊರಟಂತೆ.

ಕೊನೆಗೊಂದು ಮಾತು. ತಿರುಪ್ಪೂರು, ಕೊಯಮತ್ತೂರಿನ ಮಿಲ್ಲುಗಳಿಗೆ ಬಿಹಾರ, ಒಡಿಶಾಗಳಿಂದ ಬಂದ ಹುಡುಗರು ಹರಕುಮುರುಕು ತಮಿಳಿನಲ್ಲಿ ಅಂಗಡಿ, ಆಸ್ಪತ್ರೆಗಳ ಮುಂದೆ ನಿಂತಿರುತ್ತಾರೆ. ಅವರೂ ಹೇಳಲು ಹೆಣಗುವುದು 'ನನಗೆ ಇಲ್ಲಿ ನೋಯುತ್ತಿದೆ' ಎಂಬುದನ್ನೇ. ನಮ್ಮ ಮಗನ ಮಾತಿಗೆ ಮೆಕ್ಸಿಕೋದಲ್ಲಿ ಯಾರಾದರೂ ತಾಳ್ಮೆಯಿಂದ ಕಿವಿಗೊಡಲಿ ಎಂದು ಬಯಸುವ ನಾವು, ನಮ್ಮ ಬಾಗಿಲಲ್ಲಿ ನಿಂತ ಪರರ ಮಗನ ಮಾತಿಗೆ ಒಂದು ನಿಮಿಷ ಹೆಚ್ಚು ನಿಲ್ಲೋಣ. ಪ್ರಯಾಣದ ಪಾಠ ಅಲ್ಲಿಂದಲೇ ಆರಂಭವಾಗಲಿ.