ಪರವಾನಗಿ ಇದೆ, ದಾರಿ ಎಲ್ಲಿ?

ಕೋವಿ ಇಟ್ಟುಕೊಳ್ಳಲು ಪರವಾನಗಿ ನೀಡುವ ನಮ್ಮ ಸರ್ಕಾರ, ಆ ಕೋವಿ ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹೋಗಿಬರಬೇಕು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ. ಕೋವಿಯೆಂಬುದು ಗೋಡೆಗೆ ತೂಗುಹಾಕಿ ಮರೆತುಬಿಡುವ ವಸ್ತುವಲ್ಲ. ಕೆಟ್ಟರೆ ದುರಸ್ತಿಗೆ ಒಯ್ಯಬೇಕು. ಪರವಾನಗಿ ನವೀಕರಣದ ಹೊತ್ತಿಗೆ ಪರಿಶೀಲನೆಗೆ ಹಾಜರುಪಡಿಸಬೇಕು. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಮಾಲೀಕ ತೀರಿಕೊಂಡರೆ ಮನೆಯವರು ಅದನ್ನು ಒಪ್ಪಿಸಬೇಕು. ಇವೆಲ್ಲವೂ ಕಾನೂನು ಬಯಸುವ ಪ್ರಯಾಣಗಳೇ. ಆದರೆ ಪ್ರಯಾಣಕ್ಕೆ ಬೇಕಾದ ವ್ಯವಸ್ಥೆಯ ವಿಚಾರ ಬಂದಾಗ ಮಾತ್ರ ಎಲ್ಲ ಇಲಾಖೆಗಳೂ ಮೌನ ವಹಿಸುತ್ತವೆ.

ಉಪ್ಪಿನಕಾಯಿಯಿಂದ ಹಿಡಿದು ಪಂಪ್‌ಸೆಟ್ಟಿನ ಬಿಡಿಭಾಗದವರೆಗೆ ಎಲ್ಲವನ್ನೂ ಇಂದು ಪಾರ್ಸೆಲ್ ಮಾಡಬಹುದು. ರಾಜ್ಯ ರಸ್ತೆ ಸಾರಿಗೆ ನಿಗಮವೇ 2021ರಲ್ಲಿ 'ನಮ್ಮ ಕಾರ್ಗೋ' ಎಂಬ ಸರಕು ಸೇವೆಯನ್ನು ಆರಂಭಿಸಿತು. ಕೋವಿಯನ್ನು ಇಂಥ ಸೇವೆಗಳಿಗೆ ಒಪ್ಪಿಸುವ ಯೋಚನೆ ಯಾರಿಗೂ ಬರುವುದಿಲ್ಲ, ಬರಲೂಬಾರದು. ಪೆಟ್ಟಿಗೆಯೊಳಗೆ ಏನಿದೆಯೆಂದು ತಿಳಿಯದ ಹತ್ತು ಕೈಗಳನ್ನು ದಾಟಿ ಆಯುಧವೊಂದು ಸಾಗುವುದು ಅಪಾಯಕಾರಿ. ಸಾಗಣೆದಾರರು ಬೇಡವೆಂದರೆ ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಅವರು ಕೈತೊಳೆದುಕೊಂಡ ಮೇಲೆ ಆ ಹೊರೆ ಮಾಯವಾಗುವುದಿಲ್ಲ, ಮಾಲೀಕನ ಹೆಗಲಿಗೆ ಬರುತ್ತದೆ. ಅವನೇ ಹಮಾಲಿ, ಅವನೇ ಅಂಚೆಯವನು, ಅವನೇ ಕಾವಲುಗಾರ.

ಈ ಹೊರೆ ಎಷ್ಟು ಭಾರವೆಂಬುದನ್ನು ತಿಳಿಯಲು ಮಲೆ ಮಹದೇಶ್ವರ ಬೆಟ್ಟಕ್ಕಿಂತ ಸೂಕ್ತವಾದ ಉದಾಹರಣೆ ಸಿಗಲಾರದು. ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಅಲ್ಲಿಂದ ಯಳಂದೂರಿನ ಮೂಲಕ ಜಿಲ್ಲಾ ಕೇಂದ್ರವಾದ ಚಾಮರಾಜನಗರಕ್ಕೆ ಮತ್ತೆ ಸುಮಾರು 40 ಕಿಲೋಮೀಟರ್. ಪೊನ್ನಾಚಿ, ಹೂಗ್ಯಂ, ಗೋಪಿನಾಥಂ ಕಡೆಯ ರೈತನಿಗೆ ಬಸ್ಸು ಹಿಡಿಯುವ ಜಾಗಕ್ಕೆ ಬರುವುದೇ ಒಂದು ಪ್ರಯಾಣ. ಕಾಡಂಚಿನ ಈ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ ತೆನೆಗಟ್ಟಿದಾಗ ಹಂದಿ, ಆನೆಗಳ ಕಾಟ ಆರಂಭವಾಗುತ್ತದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಪ್ರಾಣಿಗಳನ್ನು ಬೆದರಿಸುವುದಕ್ಕಾಗಿಯೇ ಬೆಳೆ ರಕ್ಷಣೆಯ ಪರವಾನಗಿ ಎಂಬುದೊಂದು ಇದೆ.

ಈ ಪರವಾನಗಿ ಯಾರದೋ ಕೃಪೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪ್ರಾಮಾಣಿಕವಾದ ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದೇ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿಗೂ ಅವಕಾಶವಿದೆ. ಅಂದರೆ ಶಾಸನ ರಚಿಸಿದವರ ಕಣ್ಣ ಮುಂದೆ ಕಾಡಂಚಿನ ರೈತ ಇದ್ದ. ಆದರೆ ಅದೇ ಕಾಯ್ದೆಯ 20ನೇ ಕಲಂ ಬೇರೆಯದೇ ಧ್ವನಿಯಲ್ಲಿ ಮಾತನಾಡುತ್ತದೆ. ಪರವಾನಗಿ ಇರಲಿ ಇಲ್ಲದಿರಲಿ, ಸಂಶಯಕ್ಕೆ ನ್ಯಾಯವಾದ ಕಾರಣ ನೀಡುವ ರೀತಿಯಲ್ಲಿ ಆಯುಧ ಸಾಗಿಸುವವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಈ ಅಧಿಕಾರ ಪೊಲೀಸರಿಗೆ ಮಾತ್ರವಲ್ಲ, ರೈಲು, ವಿಮಾನ, ವಾಹನಗಳಲ್ಲಿ ಕೆಲಸ ಮಾಡುವವರಿಗೂ ಇದೆ. ಬಸ್ಸಿನ ನಿರ್ವಾಹಕನಿಗೆ ಕೋವಿ ಹೊತ್ತವನನ್ನು ಹಿಡಿಯುವ ಅಧಿಕಾರವನ್ನು ಕಾನೂನು ಕೊಟ್ಟಿದೆ. ಅವನನ್ನು ಹತ್ತಿಸಿಕೊಳ್ಳಬೇಕೆ, ಕೋವಿಯನ್ನು ಎಲ್ಲಿ ಇರಿಸಬೇಕು, ಯಾವ ಕಾಗದ ನೋಡಬೇಕು ಎಂಬುದನ್ನು ಮಾತ್ರ ಅವನಿಗೆ ತಿಳಿಹೇಳಿದವರಿಲ್ಲ. ಹೀಗಿರುವಾಗ ಅವನು 'ಇಳೀರಿ' ಎಂದರೆ ಅವನನ್ನು ದೂರಿ ಫಲವಿಲ್ಲ.

ವಿಮಾನದಲ್ಲಿ ಪ್ರಯಾಣಿಸುವ ಶೂಟಿಂಗ್ ಕ್ರೀಡಾಪಟುವಿಗೆ ಈ ಗೊಂದಲ ಇಷ್ಟಿಲ್ಲ. ಆಯುಧವನ್ನು ಮೊದಲೇ ಘೋಷಿಸಬೇಕು, ಗುಂಡು ತೆಗೆದಿರಬೇಕು, ಕ್ಯಾಬಿನ್‌ಗೆ ಒಯ್ಯದೆ ಸಾಮಾನು ವಿಭಾಗಕ್ಕೆ ಒಪ್ಪಿಸಬೇಕು, ಕಾಡತೂಸುಗಳನ್ನು ಬೇರೆಯಾಗಿ ಕಟ್ಟಬೇಕು ಎಂಬ ಕ್ರಮ ಅಲ್ಲಿದೆ. ಕಿರಿಕಿರಿ ಇದ್ದರೂ ದಾರಿ ಇದೆ. ಕೆಂಪು ಬಸ್ಸಿನಲ್ಲಿ ಓಡಾಡುವ ರೈತನಿಗೆ ಅಷ್ಟೇ ಸ್ಪಷ್ಟವಾದ ಕ್ರಮವೊಂದು ಕಾಣಸಿಗುವುದಿಲ್ಲ.

ಬೆಟ್ಟದ ಜನರಿಗೆ ಇದರ ಮೇಲೆ ಇನ್ನೊಂದು ಪದರವಿದೆ. 2013ರಲ್ಲಿ ಈ ಅರಣ್ಯದ 900 ಚದರ ಕಿಲೋಮೀಟರಿಗೂ ಹೆಚ್ಚು ಭಾಗ ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಪೂರ್ವಭಾವಿ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಸಹಿತ ವನ್ಯಜೀವಿಧಾಮ ಪ್ರವೇಶಿಸುವಂತಿಲ್ಲ. 34ನೇ ಕಲಮಿನ ಪ್ರಕಾರ, ಧಾಮದ ಒಳಗೆ ಅಥವಾ ಅದರ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರು ನೋಂದಾಯಿಸಬೇಕು. ಹೊಸ ಪರವಾನಗಿಗೆ ಅರಣ್ಯ ಇಲಾಖೆಯ ಸಹಮತಿ ಬೇಕು. 2022ರ ತಿದ್ದುಪಡಿಯ ನಂತರ ನವೀಕರಣದ ವಿಷಯವನ್ನೂ ಅದಕ್ಕೆ ತಿಳಿಸಬೇಕು. ವನ್ಯಜೀವಿಗಳ ರಕ್ಷಣೆಗೆ ಈ ನಿಬಂಧನೆಗಳು ಅಗತ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಾಳಬೆಟ್ಟದಿಂದ ಮೇಲೆ ಬೆಟ್ಟದ ರಸ್ತೆ ಸಾಗುವುದೇ ಕಾಡಿನ ನಡುವೆ. ದುರಸ್ತಿಯಾದ ಕೋವಿಯೊಡನೆ ಮನೆಗೆ ಮರಳುವ ರೈತ, ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿರಪರಾಧಿಯಾಗಿದ್ದರೂ, ಘಾಟಿಯ ತಿರುವಿನಲ್ಲಿ ಇನ್ನೊಂದು ಕಾಯ್ದೆಯಡಿ ಉತ್ತರ ಹೇಳಬೇಕಾದ ಸ್ಥಿತಿಗೆ ಬರಬಹುದು. ಎರಡು ಇಲಾಖೆಗಳ ಕಡತಗಳು ಪರಸ್ಪರ ಭೇಟಿಯಾಗುವುದಿಲ್ಲ; ಅವೆರಡನ್ನೂ ಭೇಟಿ ಮಾಡಿಸುವ ಜವಾಬ್ದಾರಿ ಅರ್ಜಿದಾರನದಾಗುತ್ತದೆ.

ಈ ಭಾಗದ ಮೇಲೆ ಸರ್ಕಾರಕ್ಕೆ ಇರುವ ಸಂಶಯಕ್ಕೆ ಇತಿಹಾಸವೂ ಕಾರಣ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದು ಆಯುಧಗಳನ್ನು ಕೊಂಡೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟಕ್ಕೆ 22 ಮಂದಿ ಬಲಿಯಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತು ಎರಡು ದಶಕಗಳೇ ಸಂದಿವೆ. ಆದರೂ ಈ ಕಾಡಿನಲ್ಲಿ ಕೋವಿ ಹೊತ್ತವನೆಂದರೆ ಮೊದಲು ಹುಟ್ಟುವುದು ಅನುಮಾನವೇ. ಆ ದಿನಗಳ ನಿಜವಾದ ಪಾಠ ಬೇರೆ. ವೀರಪ್ಪನ್ ಕೈಯಲ್ಲಿದ್ದ ಆಯುಧ ಯಾವ ದಾಖಲೆಯಲ್ಲೂ ಇರಲಿಲ್ಲ. ನವೀಕರಣಕ್ಕೆಂದು ಸಾಲಿನಲ್ಲಿ ನಿಲ್ಲುವ ರೈತನ ಕೋವಿಗೆ ಸಂಖ್ಯೆ ಇದೆ, ವಿಳಾಸ ಇದೆ. ಇವೆರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ಎರಡನೆಯದೂ ಮೊದಲನೆಯದರ ಹಾದಿ ಹಿಡಿದು ದಾಖಲೆಯಿಂದ ಮರೆಯಾಗುತ್ತದೆ.

ಚುನಾವಣೆಯ ಕಾಲದಲ್ಲಿ ಈ ಸಮಸ್ಯೆ ತೀವ್ರವಾಗುತ್ತದೆ. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಪರವಾನಗಿದಾರರನ್ನು ವಿಂಗಡಿಸಬೇಕು. ಜಾಮೀನಿನ ಮೇಲೆ ಇರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಪಾಲ್ಗೊಂಡವರ ಕಡೆಗೆ ವಿಶೇಷ ಗಮನ ಹರಿಸಬೇಕು. ಆದರೆ ವಿಂಗಡಣೆಗೆ ಶ್ರಮ ಬೇಕು, ಸಾರಾಸಗಟು ಆದೇಶಕ್ಕೆ ಒಂದು ಸಹಿ ಸಾಕು. ಎಲ್ಲರೂ ಕೋವಿ ತಂದೊಪ್ಪಿಸಿ ಎಂಬ ಪ್ರಕಟಣೆಯ ಬಗ್ಗೆ ಮಲೆನಾಡು, ಕರಾವಳಿಗಳ ಕೃಷಿಕರು ಪ್ರತಿ ಚುನಾವಣೆಯಲ್ಲೂ ಅಳಲು ತೋಡಿಕೊಳ್ಳುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಗಿ ಜೂನ್ 4ರಂದು ಫಲಿತಾಂಶ ಬಂತು. ನಡುವೆ 80 ದಿನ. ಅಷ್ಟು ಕಾಲ ಬೆಳೆ ರಕ್ಷಣೆಯ ಕೋವಿ ಠಾಣೆಯ ಮೂಲೆಯಲ್ಲಿದ್ದರೆ ಅದಕ್ಕೆ ಆ ಹೆಸರೇ ಅನ್ವರ್ಥವಾಗದು. ಇತ್ತ ಇದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಟ್ಟದ ಬೇಡಗಂಪಣರೋ ಸೋಲಿಗರೋ ಅಂಥ ವಿನಾಯಿತಿ ಕೊಡಿ ಎಂದು ಕೇಳುತ್ತಿಲ್ಲ. ನಾನೂ ಅದನ್ನು ಸೂಚಿಸುತ್ತಿಲ್ಲ. ಪರವಾನಗಿ ಪಡೆದವನು ಅದನ್ನು ಪಾಲಿಸಲು ಸಾಧ್ಯವಾಗಬೇಕು ಎಂಬುದಷ್ಟೇ ಇಲ್ಲಿನ ವಾದ.

ಅರ್ಥಶಾಸ್ತ್ರದಲ್ಲಿ ಕಾನೂನು ಪಾಲನೆಯ ವೆಚ್ಚ ಎಂಬ ಮಾತಿದೆ. ಪರವಾನಗಿಯ ಶುಲ್ಕ ಆ ವೆಚ್ಚದ ಅತ್ಯಂತ ಚಿಕ್ಕ ಭಾಗ. ಎರಡು ದಿನದ ಕೂಲಿ, ಬಸ್ ದರ, ಬಾಡಿಗೆ ವಾಹನ, 'ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ' ಎಂಬ ಮಾತಿನ ಬೆಲೆ, ದಾರಿಯಲ್ಲಿನ ಭಯ ಇವೆಲ್ಲ ಸೇರಿ ನಿಜವಾದ ವೆಚ್ಚವಾಗುತ್ತದೆ. ಇದು ಖಜಾನೆಗೆ ಜಮೆಯಾಗದ ತೆರಿಗೆ. ಅದನ್ನು ಕಟ್ಟುವವನು ಕಾನೂನಿಗೆ ತಲೆಬಾಗುವವನು ಮಾತ್ರ. ನಾಡಬಂದೂಕು ಬಚ್ಚಿಟ್ಟವನು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಸನ್ಮಾರ್ಗವನ್ನು ದುಬಾರಿ ಮಾಡಿ ಅಡ್ಡದಾರಿಯನ್ನು ಅಗ್ಗವಾಗಿ ಬಿಟ್ಟರೆ ಜನ ಎತ್ತ ಹೋಗುತ್ತಾರೆಂದು ಊಹಿಸಲು ಪದವಿ ಬೇಕಿಲ್ಲ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಆ ಕೃತ್ಯಕ್ಕೂ ಕೋವಿ ಪರವಾನಗಿಗೂ ನೇರ ಸಂಬಂಧವಿಲ್ಲ, ಅದಕ್ಕೆ ಸಮರ್ಥನೆಯೂ ಇಲ್ಲ. ಆದರೆ ಕಾಡಂಚಿನ ಮನುಷ್ಯನ ಸಿಟ್ಟಿಗೆ ಕಾನೂನುಬದ್ಧವಾದ ಹೊರದಾರಿಗಳು ಮುಚ್ಚಿಹೋದಾಗ ಎಂಥ ದಾರಿಗಳು ತೆರೆದಿರುತ್ತವೆ ಎಂಬುದನ್ನು ಅದು ತೋರಿಸಿಕೊಟ್ಟಿತು. ವಿಷಕ್ಕೆ ಯಾರೂ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿಲ್ಲ.

ಕೋವಿಗಳ ದೇಶವೆನಿಸಿದ ಅಮೆರಿಕದ ಅನುಭವವೂ ಇಲ್ಲಿ ಪ್ರಸ್ತುತ. 1927ರಲ್ಲಿ ಅಲ್ಲಿನ ಕಾಂಗ್ರೆಸ್ ಪಿಸ್ತೂಲುಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತು. ರೈಫಲ್‌ಗಳಿಗೆ ಅದು ಅನ್ವಯಿಸಲಿಲ್ಲ. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ ಸುಳ್ಳು ಹೆಸರಿನಲ್ಲಿ ಅಂಚೆ ಮೂಲಕ ತರಿಸಿಕೊಂಡದ್ದಾಗಿತ್ತು. 1968ರ ಕಾನೂನು ಆ ಬಗೆಯ ಅಂಚೆ ವ್ಯಾಪಾರಕ್ಕೆ ತಡೆ ಹಾಕಿತು. 2022ರಲ್ಲಿ ದೊಡ್ಡ ಖಾಸಗಿ ಪಾರ್ಸೆಲ್ ಕಂಪನಿಗಳೂ ಸಾಮಾನ್ಯ ನಾಗರಿಕರಿಂದ ಕೋವಿ ಸ್ವೀಕರಿಸುವ ನಿಯಮಗಳನ್ನು ಬಿಗಿಗೊಳಿಸಿದವು. ಅಲ್ಲಿನ ಕೋವಿ ಸಂಸ್ಕೃತಿ ನಮಗೆ ಮಾದರಿಯಲ್ಲ. ಗಮನಿಸಬೇಕಾದದ್ದು ಒಂದೇ: ಒಂದು ಬಾಗಿಲು ಮುಚ್ಚಿದಾಗ, ಪರವಾನಗಿ ಪಡೆದ ಮಾರಾಟಗಾರನ ಮೂಲಕ ಸಾಗುವ ಇನ್ನೊಂದು ದಾಖಲಿತ ದಾರಿಯನ್ನು ಅವರು ಉಳಿಸಿಕೊಂಡರು. ನಾವು ಬಾಗಿಲನ್ನಷ್ಟೇ ಮುಚ್ಚಿದ್ದೇವೆ.

ನಮ್ಮ ಸರ್ಕಾರಕ್ಕೆ ಸೂಕ್ಷ್ಮ ವಸ್ತುಗಳನ್ನು ಸಾಗಿಸಲು ಬರುವುದಿಲ್ಲ ಎಂದರೆ ಸೇವೆಯಲ್ಲಿದ್ದ ನಾನು ಒಪ್ಪಲಾರೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳು, ಖಜಾನೆಯ ಹಣ, ಮತಯಂತ್ರಗಳು ಮೊಹರು, ಬೆಂಗಾವಲು, ರಸೀದಿಗಳೊಡನೆ ಕೈಯಿಂದ ಕೈಗೆ ದಾಟುತ್ತವೆ. 2024ರ ಏಪ್ರಿಲ್ 26ರಂದು ಬೆಟ್ಟದ ಇಂಡಿಗನತ್ತ ಮತಗಟ್ಟೆಯಲ್ಲಿ ಯಂತ್ರಗಳು ಧ್ವಂಸಗೊಂಡಾಗ, ಮೂರನೆಯ ದಿನವೇ ಮತ್ತೊಂದು ಜೊತೆ ಯಂತ್ರಗಳನ್ನು ತಂದು ಮರುಮತದಾನ ನಡೆಸಲಾಯಿತು. ಮನಸ್ಸು ಮಾಡಿದರೆ ಆಡಳಿತ ಬೆಟ್ಟ ಹತ್ತಬಲ್ಲದು.

ಮಾಡಬೇಕಾದ ಕೆಲಸಕ್ಕೆ ಹೊಸ ಶಾಸನವೂ ಬೇಡ. ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ, ದುರಸ್ತಿಗಾಗಿ ಅಥವಾ ಪರವಾನಗಿ ನವೀಕರಣಕ್ಕಾಗಿ ಮಾಲೀಕನ ಲಿಖಿತ ಅಧಿಕಾರಪತ್ರದೊಡನೆ ಬೇರೊಬ್ಬ ಕೋವಿ ಒಯ್ಯಲು ಈಗಾಗಲೇ ಅವಕಾಶ ಕೊಟ್ಟಿದೆ. ವಯಸ್ಸಾದ ಪರವಾನಗಿದಾರರಿಗೆ ಇದು ವರದಾನ; ಆದರೆ ಅದನ್ನು ಬಲ್ಲವರು ವಿರಳ. ಅದಕ್ಕೊಂದು ಕನ್ನಡ ನಮೂನೆಯನ್ನು ರೂಪಿಸಿ ಪ್ರತಿ ಠಾಣೆಯಲ್ಲಿ ಇಡಬೇಕು. ಎರಡನೆಯದಾಗಿ, 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿರುವುದರಿಂದ, ಕಂದಾಯ, ಪೊಲೀಸ್, ಅರಣ್ಯ ಇಲಾಖೆಗಳು ಜೊತೆಗೂಡಿ ವರ್ಷಕ್ಕೊಂದು ದಿನ ಹನೂರು, ರಾಮಾಪುರ, ಬೆಟ್ಟ ಮತ್ತು ಗೋಪಿನಾಥಂಗಳಲ್ಲಿ ಪರಿಶೀಲನಾ ಶಿಬಿರ ನಡೆಸುವುದು ಕಷ್ಟವಲ್ಲ. ಅಧಿಕೃತ ದುರಸ್ತಿಗಾರನನ್ನೂ ಅಲ್ಲಿಗೆ ಕರೆಸಬಹುದು. ಮೂರನೆಯದಾಗಿ, ನೋಂದಾಯಿತ ಪರವಾನಗಿದಾರರಿಗೆ ಗುಂಡು ತೆಗೆದ, ಚೀಲದಲ್ಲಿ ಕಟ್ಟಿದ ಕೋವಿಯೊಡನೆ ಮುಖ್ಯರಸ್ತೆಯಲ್ಲಿ ಹೋಗಿಬರಲು ಅರಣ್ಯ ಇಲಾಖೆ ಪರವಾನಗಿಯ ಅವಧಿಗೆ ಸರಿಹೊಂದುವ ಲಿಖಿತ ಅನುಮತಿ ನೀಡಬೇಕು. ಅದನ್ನು ನೋಡಿ ಹತ್ತಿಸಿಕೊಳ್ಳಲು ನಿರ್ವಾಹಕರಿಗೆ ಸುತ್ತೋಲೆ ಹೋಗಬೇಕು. ಕೊನೆಯದಾಗಿ, ಚುನಾವಣೆಯ ಠೇವಣಿ ಸಮಿತಿಯ ವಿಂಗಡಣೆಯ ಪ್ರಕಾರವೇ ನಡೆಯಬೇಕು, ರಸೀದಿಯ ಮೇಲೆ ಮರಳಿಸುವ ದಿನಾಂಕ ಇರಬೇಕು.

ಕೋವಿಗಳ ಓಡಾಟ ಸುಲಭವಾದರೆ ಅಪಾಯ ಹೆಚ್ಚುವುದಿಲ್ಲವೇ ಎಂಬ ಆಕ್ಷೇಪ ಸಹಜ. ಕೋವಿಯೇ ಮಾನವ-ವನ್ಯಜೀವಿ ಸಂಘರ್ಷಕ್ಕೆ ಪರಿಹಾರವಲ್ಲ ಎಂಬುದೂ ನಿಜ. ತಡೆಬೇಲಿ, ಸಕಾಲಿಕ ಬೆಳೆ ಪರಿಹಾರಗಳಿಗೆ ಅದು ಪರ್ಯಾಯವಾಗದು. ಆದರೆ ಮೇಲಿನ ಕ್ರಮಗಳಿಂದ ಒಂದು ಕೋವಿಯೂ ಹೆಚ್ಚಾಗುವುದಿಲ್ಲ. ಇರುವ ಕೋವಿ ಯಾರ ಕೈಯಲ್ಲಿದೆ, ಯಾವ ದಾರಿಯಲ್ಲಿದೆ, ಎಂದು ಮರಳುತ್ತದೆ ಎಂಬುದು ಸರ್ಕಾರಕ್ಕೆ ತಿಳಿಯುತ್ತದೆ. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಬೇರೇನು ಬೇಕು? ರೈತನಿಗೆ ಬಂದೂಕು ಕೊಡುವಷ್ಟು ನಂಬಿಕೆ ಇಟ್ಟ ಸರ್ಕಾರ, ಅದನ್ನು ಹಿಡಿದು ಬಸ್ಸು ಹತ್ತುವಷ್ಟು ನಂಬಿಕೆಯನ್ನೂ ಇಡಲೇಬೇಕಾಗುತ್ತದೆ. ಅದು ಸಾಧ್ಯವಿಲ್ಲವೆಂದಾದರೆ ಪರವಾನಗಿ ಕೊಡುವಾಗಲೇ ಹಾಗೆಂದು ಹೇಳಿಬಿಡುವುದು ಪ್ರಾಮಾಣಿಕತೆ.