‘ಇಂದು ಆಡಬೇಡ’ ಎನ್ನುವವರು ಯಾರು?

ಕಾಳಿಘಾಟ್‌ನಲ್ಲಿ ಮೆಟ್ರೊ ಹತ್ತಿ ಎಸ್‌ಪ್ಲನೇಡ್‌ನಲ್ಲಿ ಇಳಿದರೆ ಈಡನ್ ಗಾರ್ಡನ್ಸ್‌ಗೆ ನಡೆದೇ ಹೋಗಬಹುದು. 2019ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಬಾಂಗ್ಲಾದೇಶದ ಲಿಟನ್ ದಾಸ್ ಮತ್ತು ನಯೀಮ್ ಹಸನ್ ಅವರ ತಲೆಗೆ ಚೆಂಡು ಬಡಿಯಿತು. ಅದೇ ಆಗಸ್ಟ್‌ನಲ್ಲಿ ಜಾರಿಗೆ ಬಂದಿದ್ದ ಐಸಿಸಿ ನಿಯಮದಂತೆ ಇಬ್ಬರ ಬದಲಿಗೂ ಬೇರೆ ಆಟಗಾರರು ಕಣಕ್ಕಿಳಿದರು.

ಇದೇ ನಗರದ ಕ್ಲಬ್ ಪಂದ್ಯವೊಂದರಲ್ಲಿ, 2015ರ ಏಪ್ರಿಲ್‌ನಲ್ಲಿ, ಕ್ಯಾಚಿಗಾಗಿ ಓಡಿದ ಇಪ್ಪತ್ತರ ತರುಣ ಅಂಕಿತ್ ಕೇಶ್ರಿ ಸಹ ಆಟಗಾರನಿಗೆ ಡಿಕ್ಕಿಯಾಗಿ ಬಿದ್ದ. ಮೂರು ದಿನಗಳಲ್ಲಿ ತೀರಿಕೊಂಡ. ಯಾವ ನಿಯಮ ಅವನನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಟೆಸ್ಟ್ ಆಟಗಾರನ ತಲೆಗಿರುವ ಬೆಲೆ ಕ್ಲಬ್ ಹುಡುಗನ ತಲೆಗೂ ಇರಬೇಕಲ್ಲವೆ?

ಮಿದುಳನ್ನು ಅಲುಗಿಸಿದ ಪೆಟ್ಟು ಅನೇಕ ವೇಳೆ ಸ್ಕ್ಯಾನ್‌ನಲ್ಲಿ ಕಾಣದು. ತಲೆನೋವು, ಗೊಂದಲ, ಮರೆವು, ತೂಗಾಡುವ ನಡಿಗೆ ಇವೇ ಅದರ ಸುಳಿವು. ಚೇತರಿಸಿಕೊಳ್ಳುವ ಮೊದಲೇ ಬೀಳುವ ಎರಡನೆಯ ಪೆಟ್ಟು ಇನ್ನೂ ಅಪಾಯಕರ. ‘ನನಗೇನೂ ಆಗಿಲ್ಲ’ ಎನ್ನುವ ಆಟಗಾರನ ಮಾತನ್ನಾಗಲಿ, ಗೆಲುವಿನ ಅವಸರದಲ್ಲಿರುವ ನಾಯಕನ ಮಾತನ್ನಾಗಲಿ ಇಲ್ಲಿ ನಂಬುವಂತಿಲ್ಲ.

ಆದ್ದರಿಂದಲೇ ಕ್ರೀಡಾವೈದ್ಯಕ್ಕೆ ಬರುವ ನರರೋಗ ತಜ್ಞರ ವೃತ್ತಿಯನ್ನು ನಾನು ದೊಡ್ಡದೆಂದು ಬಗೆಯುತ್ತೇನೆ. ಪ್ರತಿ ಮೈದಾನಕ್ಕೂ ಅಂಥವರು ಸಿಗರು, ನಿಜ. ಆದರೆ ಅಂಪೈರಿಗೂ ತರಬೇತುದಾರನಿಗೂ ಈ ಸುಳಿವುಗಳನ್ನು ಅವರು ಕಲಿಸಬಲ್ಲರು. ನಿಮ್ಹಾನ್ಸ್‌ನಂಥ ಸಂಸ್ಥೆಯುಳ್ಳ ನಾಡಿನಿಂದ ಬಂದ ನಾವು ಇದನ್ನು ಕೇಳಲು ಹಿಂಜರಿಯಬಾರದು. ಸಂಶಯವಿದ್ದ ದಿನ ಹುಡುಗನನ್ನು ಹೊರಗೆ ಕೂರಿಸಿದರೆ ಹೋಗುವುದು ಒಂದು ಪಂದ್ಯ ಮಾತ್ರ.